ಮರೆತ ಅಕ್ಷರ ಮರಳಿ ಬಂತು

(ಸಾಕ್ಷರತಾ ದಿನದಂದು, ಹೊಸದಾಗಿ ಓದು ಕಲಿತ ಅಕ್ಕತಂಗಿಯರ ಸಭೆಯಲ್ಲಿ ಹಿರಿಯ ಕಲಿಕೆಗಾರ್ತಿಯೊಬ್ಬರು ಆಡಿದ ಮಾತು)





ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಹೇಳಬೇಕಾದ ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ. ಮರೆತರೆ ನೋಡಿಕೊಂಡು ಹೇಳ್ತೀನಿ. ಈ ಹಾಳೆ ಬರೆದವಳು ನಾನೇ. ಬೇರೆ ಯಾರೂ ಬರೆದುಕೊಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ. ಯಾಕೆಂದರೆ ಇದು ನನಗೆ ಬಹಳ ಹೆಮ್ಮೆಯ ಮಾತು.

ನನಗೀಗ ಎಪ್ಪತ್ತರ ಹತ್ತಿರ. ನಾನು ಓದು ಕಲಿತದ್ದು ಎರಡು ಸಲ. ಒಂದು ಸಲ ಚಿಕ್ಕವಳಿದ್ದಾಗ. ಇನ್ನೊಂದು ಸಲ ಮೂವತ್ತಾರನೇ ವಯಸ್ಸಿನಲ್ಲಿ. ನಡುವೆ ಪೂರ್ತಿ ಮರೆತಿದ್ದೆ. ಹೇಗೆ ಮರೆತೆ, ಮತ್ತೆ ಹೇಗೆ ಕಲಿತೆ, ಈಗ ಯಾಕೆ ಮರೆಯೋದಿಲ್ಲ. ಇವತ್ತು ಈ ಮೂರು ಮಾತು ಹೇಳೋಕೆ ಬಂದಿದ್ದೇನೆ.

ಬಳಪದ ವಾಸನೆ

ನಾನು ಮೂರನೇ ಇಯತ್ತೆ ತನಕ ಶಾಲೆಗೆ ಹೋದವಳು. ನಮ್ಮೂರ ಶಾಲೆ ಒಂದೇ ಕೋಣೆಯದು. ಮಳೆ ಬಂದರೆ ಸೋರುತ್ತಿತ್ತು. ಆದರೂ ನನಗೆ ಶಾಲೆ ಎಂದರೆ ಪ್ರಾಣ. ಹೊಸ ಬಳಪಕ್ಕೆ ಒಂದು ವಾಸನೆ ಇರುತ್ತೆ, ಗೊತ್ತಲ್ಲ? ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಹಾಗೆ. ಅದನ್ನು ಮೂಸಿಕೊಂಡೇ ಬರೆಯುತ್ತಿದ್ದೆ. ಆಗಾಗ ಕಡಿದು ತಿಂದದ್ದೂ ಉಂಟು.

ಆಗ ನನಗೆ ಒಂಬತ್ತು ವರ್ಷ. ತಮ್ಮ ಹುಟ್ಟಿ ವರ್ಷ ತುಂಬಿತ್ತು. ಅಮ್ಮ ಕೂಲಿಗೆ ಹೋಗಲೇಬೇಕು. ಮಗು ನೋಡಿಕೊಳ್ಳುವವರು ಯಾರು? ನಾನೇ. ಅಪ್ಪ ಗದರಿಸಲಿಲ್ಲ, ಹೊಡೆಯಲೂ ಇಲ್ಲ. "ನಾಳೆಯಿಂದ ಶಾಲೆಗೆ ಬೇಡ ಕಣವ್ವ" ಅಂತ ಮೆತ್ತಗೆ ಹೇಳಿದ. ಅಷ್ಟೇ. ನನ್ನ ಸ್ಲೇಟು ಗೂಡಿನಲ್ಲಿ ಹೋಗಿ ಕೂತಿತು. ಮುಂದೆ ಅದೇ ಸ್ಲೇಟು ಹಿಡಿದು ನನ್ನ ತಮ್ಮ ಶಾಲೆಗೆ ಹೋದ.

ಆಮೇಲೆ ಏನಾಯಿತು? ಎಮ್ಮೆ ಮೇಯಿಸಿದೆ. ಕಳೆ ಕಿತ್ತೆ. ಹದಿನೇಳಕ್ಕೆ ಮದುವೆ ಆಯಿತು. ಮಕ್ಕಳಾದವು. ಓದೋಕೆ ಕೈಗೆ ಒಂದು ಚೂರು ಕಾಗದವೂ ಸಿಗಲಿಲ್ಲ. ಸಿಕ್ಕಿದರೂ ಹೊತ್ತಿರಲಿಲ್ಲ. ಅಕ್ಷರಗಳು ಒಂದೊಂದಾಗಿ ಮನಸ್ಸಿನಿಂದ ಇಳಿದು ಹೋದವು. ಕೊನೆಗೆ ಹೇಗಾಯಿತೆಂದರೆ, ಸಂತೆಯಲ್ಲಿ ಹಳೆಯ ಗೆಳತಿ ಸಿಕ್ಕಿದ ಹಾಗೆ. ಮುಖ ಎಲ್ಲೋ ನೋಡಿದ ಹಾಗಿದೆ. ಹೆಸರು ಮಾತ್ರ ನೆನಪಿಗೆ ಬರದು. ಅಕ್ಷರ ನೋಡಿದರೆ ನನಗೆ ಹಾಗೇ ಆಗುತ್ತಿತ್ತು.

ಬೇರೆಯವರು ಓದಿದ ಕಾಗದ

ನನ್ನ ತಮ್ಮ ಓದಿದ. ಬೆಂಗಳೂರಿನಲ್ಲಿ ಒಂದು ಕಾರ್ಖಾನೆಗೆ ಸೇರಿದ. ತಿಂಗಳಿಗೊಂದು ನೀಲಿ ಇನ್‌ಲ್ಯಾಂಡ್ ಕಾಗದ ಬರೆಯುತ್ತಿದ್ದ. ಕಾಗದ ಬಂದರೆ ನಾನು ಪಕ್ಕದ ಮನೆ ಹುಡುಗನನ್ನು ಕರೆಯುತ್ತಿದ್ದೆ. ಅವನು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ.

1993ರಲ್ಲಿ ಒಂದು ದಿನ ಹಾಗೇ ಕಾಗದ ಬಂತು. ಅಮ್ಮ ಆವತ್ತು ನಮ್ಮ ಮನೆಗೆ ಬಂದಿದ್ದಳು. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹುಡುಗ ಓದತೊಡಗಿದ. "ಅಕ್ಕನಿಗೆ ನಮಸ್ಕಾರಗಳು. ನನ್ನ ಕೆಲಸ ಹೋಗಿದೆ. ಸಾಲವೂ ಆಗಿದೆ. ಈ ವಿಷಯ ಅಮ್ಮನಿಗೆ ಮಾತ್ರ ಹೇಳಬೇಡ."

ಅಮ್ಮನ ಕೈ ಅಲ್ಲೇ ನಿಂತಿತು. ಹುಡುಗನ ತಪ್ಪೇನೂ ಇಲ್ಲ. ಓದು ಅಂದೆವು, ಓದಿದ. ಸಂಜೆ ಹೊತ್ತಿಗೆ ಬೋರಿನ ಹತ್ತಿರ ನೀರಿಗೆ ಬಂದವರಿಗೆಲ್ಲ ವಿಷಯ ಗೊತ್ತಾಗಿತ್ತು. ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ.

ನನ್ನ ತಮ್ಮ ನನ್ನನ್ನು ನಂಬಿ ಬರೆದಿದ್ದ. ಅವನನ್ನು ಎತ್ತಿ ಆಡಿಸೋಕೆ ನಾನು ಓದು ಬಿಟ್ಟೆ. ಓದು ಬಿಟ್ಟಿದ್ದಕ್ಕೆ ಅವನ ಗುಟ್ಟನ್ನು ಕಾಪಾಡೋಕೆ ನನ್ನಿಂದ ಆಗಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಕಾಗದ ಕೈಯಲ್ಲಿ ಹಿಡಿದು ಕೂತೆ. ಅಷ್ಟೂ ಸಾಲಿನಲ್ಲಿ ನನಗೆ ಗುರುತು ಸಿಕ್ಕಿದ್ದು ಒಂದೇ ಅಕ್ಷರ. ಅಕ್ಕ ಅನ್ನುವುದರ "ಅ".

ಊರಿಗೆ ಜಾಥಾ ಬಂತು

ಆಗ ದೇಶದಲ್ಲೆಲ್ಲ ಸಾಕ್ಷರತಾ ಆಂದೋಲನದ ಗಾಳಿ ಬೀಸುತ್ತಿತ್ತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಗಿತ್ತು. 1990ರಲ್ಲಿ ಕೇರಳದ ಎರ್ನಾಕುಲಂ, ಸಂಪೂರ್ಣ ಸಾಕ್ಷರ ಆದ ಮೊದಲ ಜಿಲ್ಲೆ ಎಂದು ಹೆಸರು ಪಡೆದಿತ್ತು. ಅಲ್ಲಿಂದ ಆ ಕೆಲಸ ಬೇರೆ ಬೇರೆ ರಾಜ್ಯಗಳ ಜಿಲ್ಲೆಗಳಿಗೆ ಹಬ್ಬಿತು. ನಮ್ಮ ಕರ್ನಾಟಕಕ್ಕೂ ಬಂತು.

ಆಗ ನಮ್ಮ ರಾಜ್ಯದ ಸ್ಥಿತಿ ಹೇಗಿತ್ತು ಗೊತ್ತೇ? 1991ರ ಜನಗಣತಿ ಹೇಳುತ್ತೆ. ಏಳು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44 ಮಂದಿಗೆ ಮಾತ್ರ ಓದು ಬರಹ ಬರುತ್ತಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು ಹೆಂಗಸರು ನನ್ನ ಹಾಗೇ ಇದ್ದರು. 2011ರ ಜನಗಣತಿ ಹೊತ್ತಿಗೆ ನೂರಕ್ಕೆ 68 ಆಯಿತು.

ನಮ್ಮೂರಿಗೆ ಜಾಥಾ ಬಂತು. ತಮಟೆ ಬಾರಿಸಿದರು. ಹಾಡು ಹಾಡಿದರು. ಅರಳಿಕಟ್ಟೆ ಹತ್ತಿರ ಬೀದಿ ನಾಟಕ ಆಡಿದರು. ಎಲ್ಲರ ಜೊತೆ ನಾನೂ ನೋಡಿದೆ, ನಕ್ಕೆ. ಮಾರನೇ ದಿನ ಬೋಧಕಿ ಮನೆ ಬಾಗಿಲಿಗೆ ಬಂದಳು. "ರಾತ್ರಿ ಶಾಲೆಗೆ ಬನ್ನಿ ಅಕ್ಕ" ಅಂದಳು. ಬರೋದಿಲ್ಲ ಅಂದೆ. "ಈ ವಯಸ್ಸಿಗೆ ಅ, ಆ ತಿದ್ದಿದರೆ ಜನ ನಗ್ತಾರೆ" ಅಂದೆ.

ಅವಳು ಜಗಳ ಮಾಡಲಿಲ್ಲ. "ನಗಲಿ ಬಿಡಿ ಅಕ್ಕ. ನಾಲ್ಕು ದಿನ ನಗ್ತಾರೆ. ಕಾಗದ ಓದಿಸೋಕೆ ನೀವು ಇನ್ನೆಷ್ಟು ವರ್ಷ ಇನ್ನೊಬ್ಬರ ಬಾಗಿಲು ಕಾಯ್ತೀರಿ?" ಅಂತ ಕೇಳಿದಳು. ಆ ಮಾತು ಎದೆಗೆ ಚುಚ್ಚಿತು. ಮಾರನೇ ರಾತ್ರಿ ಹೋದೆ.

ರಂಗೋಲಿ ಹಾಕುವ ಕೈ

ಮೊದಲ ದಿನ ಕೈ ನಡುಗಿತು. ಕಲ್ಲು ಹೊತ್ತ ಕೈ, ಕುಡುಗೋಲು ಹಿಡಿದ ಕೈ. ಆದರೆ ಚಿಕ್ಕ ಬಳಪ ಹಿಡಿಯೋಕೆ ಹೆದರಿತು! ನಮ್ಮ ಜೊತೆಗಾತಿ ಒಬ್ಬಳು ಬೆವರಿ ಸ್ಲೇಟನ್ನೇ ಒದ್ದೆ ಮಾಡಿಬಿಟ್ಟಳು.

ಬೋಧಕಿ ಒಂದು ಉಪಾಯ ಮಾಡಿದಳು. "ಇವತ್ತು ಬರೆಯೋದು ಬೇಡ. ರಂಗೋಲಿ ಹಾಕೋಣ" ಅಂದಳು. ನೆಲದ ಮೇಲೆ ಚುಕ್ಕಿ ಇಟ್ಟೆವು. ಎಳೆ ಸುತ್ತಿದೆವು. ಕೈ ತನ್ನಷ್ಟಕ್ಕೆ ಓಡಿತು. ಆಮೇಲೆ ಅವಳು ಹೇಳಿದಳು. "ನೋಡಿ, ಕನ್ನಡದ ಅಕ್ಷರ ಎಲ್ಲ ದುಂಡಗೆ. ಬಳೆ ಹಾಗೆ. ನಿಮ್ಮ ರಂಗೋಲಿ ಎಳೆ ಹಾಗೆ. ದುಂಡಗೆ ಸುತ್ತೋದು ನಿಮಗೆ ಆಗಲೇ ಬರುತ್ತೆ. ನಾನು ಹೊಸದಾಗಿ ಏನೂ ಕಲಿಸಬೇಕಾಗಿಲ್ಲ."

ಹೌದಲ್ಲ! "ಠ" ಅಂದರೆ ಏನು? ಒಂದು ಚುಕ್ಕಿ, ಅದರ ಸುತ್ತ ಒಂದು ಬಳೆ, ಮೇಲೊಂದು ತಲೆಕಟ್ಟು. ಅಷ್ಟೇ ತಾನೇ!

ಲೆಕ್ಕದಲ್ಲೂ ಹಾಗೇ ಆಯಿತು. ಕಾಲು, ಅರ್ಧ, ಮುಕ್ಕಾಲು ಎಂದರೆ ಓದಿದ ಮಕ್ಕಳೇ ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಅದು ರಾಗಿ ಅಳೆಯುವ ಮಾತು. ನಾಲ್ಕು ಪಾವು ಒಂದು ಸೇರು. ಎರಡು ಪಾವು ಅಚ್ಚೇರು. ಪಾವು ಎಂದರೆ ಕಾಲು ಸೇರು. ಲೆಕ್ಕ ಬಾಯಲ್ಲಿತ್ತು. ಅದನ್ನು ಅಂಕಿಯಲ್ಲಿ ಬರೆಯೋದು ಮಾತ್ರ ಬಾಕಿ ಇತ್ತು.

ಅಕ್ಕತಂಗಿಯರೇ, ಇದನ್ನು ಚೆನ್ನಾಗಿ ನೆನಪಿಡಿ. ನಾವು ಖಾಲಿ ಕೊಡ ಹಿಡಿದು ಬಂದವರಲ್ಲ. ಮಗುವಿಗೆ ಮಾತೂ ಹೊಸದು, ಲೋಕವೂ ಹೊಸದು. ನಮಗೆ ಮಾತು ಗೊತ್ತು, ಲೋಕ ಗೊತ್ತು. ಗೊತ್ತಿದ್ದ ಮಾತಿಗೆ ಅಕ್ಷರದ ಗುರುತು ಹಾಕೋದನ್ನು ಮಾತ್ರ ಕಲಿಯಬೇಕು.

ಒತ್ತಕ್ಷರದ ಗುಟ್ಟು

ಕಾಗುಣಿತದ ತನಕ ಹೇಗೋ ಬಂದೆವು. ಆಮೇಲೆ ಒತ್ತಕ್ಷರ ಬಂತು. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ. ನೋಡಿದರೇ ಭಯ. ನಾಲ್ಕು ಜನ ಅಲ್ಲೇ ಬಿಟ್ಟು ಹೋಗೋಕೆ ತಯಾರಾದರು.

ಆ ದಿನ ಬೋಧಕಿ ಕೇಳಿದಳು. "ನಿಮ್ಮ ಮನೆಯಲ್ಲಿ ಯಾರು ಯಾರು ಇದ್ದಾರೆ? ಒಬ್ಬೊಬ್ಬರಾಗಿ ಹೇಳಿ."

ನಾವು ಹೇಳುತ್ತಾ ಹೋದೆವು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅತ್ತೆ, ಚಿಕ್ಕಮ್ಮ, ದೊಡ್ಡಪ್ಪ, ಮಕ್ಕಳು.

ಅವಳು ಬೋರ್ಡಿನ ಮೇಲೆ ಬರೆಯುತ್ತಾ ಹೋದಳು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ಎಲ್ಲದರಲ್ಲೂ ಒತ್ತಕ್ಷರ!

"ಅಡುಗೆ ಮನೆಯಲ್ಲಿ ಏನೇನಿದೆ?" ಅಂದಳು.

ಅಕ್ಕಿ, ಉಪ್ಪು, ಬೆಲ್ಲ, ಎಣ್ಣೆ, ಬೆಣ್ಣೆ, ತುಪ್ಪ, ಸೊಪ್ಪು, ಮುದ್ದೆ, ರೊಟ್ಟಿ. ಅಲ್ಲೂ ಒತ್ತಕ್ಷರವೇ!

ಒಬ್ಬ ಅಜ್ಜಿ ಜೋರಾಗಿ ನಕ್ಕುಬಿಟ್ಟಳು. "ಅಯ್ಯೋ, ದಿನಾ ತಿನ್ನೋದು ಇದನ್ನೇ, ದಿನಾ ಕರೆಯೋದು ಇವರನ್ನೇ. ಇದಕ್ಕಾ ಹೆದರಿದ್ದು ನಾವು?" ಅಂದಳು. ಎಲ್ಲರೂ ನಕ್ಕೆವು. ಆ ರಾತ್ರಿ ನಾವು ಒಂಬತ್ತೂವರೆಗೆ ಏಳಬೇಕಿತ್ತು. ಹನ್ನೊಂದಾದರೂ ಯಾರೂ ಏಳಲಿಲ್ಲ. ಯಾರೂ ಬಿಟ್ಟು ಹೋಗಲೂ ಇಲ್ಲ.

ಮನೆಗೆ ಬಂದು ತಮ್ಮನ ಹಳೆಯ ಕಾಗದ ತೆಗೆದೆ. "ಅಕ್ಕ" ಅನ್ನುವುದನ್ನು ಪೂರ್ತಿ ಓದಿದೆ. ನಿಧಾನವಾಗಿ ಕೆಳಗಿನ ಸಾಲೂ ಓದಿದೆ. ಮೈ ಜುಮ್ಮೆಂದಿತು. ಎಷ್ಟೋ ವರ್ಷದ ಹಿಂದಿನ ಬಳಪದ ವಾಸನೆ ಮೂಗಿಗೆ ಬಂದ ಹಾಗಾಯಿತು.

ಅಗತ್ಯ ಬೇರೆ, ಸಂತೋಷ ಬೇರೆ

ನಾನು ರಾತ್ರಿ ಶಾಲೆಗೆ ಹೋದದ್ದು ಅಗತ್ಯಕ್ಕೆ. ಕಾಗದ ಓದಬೇಕು, ರುಜು ಹಾಕಬೇಕು, ಮೋಸ ಹೋಗಬಾರದು. ನೀವೂ ಹಾಗೇ ಬಂದಿರಬಹುದು. ಒಬ್ಬರಿಗೆ ಬ್ಯಾಂಕಿನ ಪಾಸ್ ಬುಕ್ಕು. ಒಬ್ಬರಿಗೆ ಸಂಘದ ಲೆಕ್ಕ. ಇನ್ನೊಬ್ಬರಿಗೆ ಮೊಬೈಲು. ಅದು ತಪ್ಪಲ್ಲ. ಅಗತ್ಯವೇ ನಮ್ಮನ್ನು ಬಾಗಿಲ ತನಕ ಕರೆದು ತಂತು. ಆದರೆ ಒಳಗೆ ಕೂರಿಸಿದ್ದು ಸಂತೋಷ.

ಆ ಸಂತೋಷ ಎಂಥದು ಅಂತ ಹೇಳ್ತೀನಿ. ಓದು ಬಂದ ಹೊಸದರಲ್ಲಿ ನನಗೆ ಹುಚ್ಚೇ ಹಿಡಿದಿತ್ತು. ಗೋಡೆ ಮೇಲಿನ ಬರಹ ಓದಿದೆ. ಬೆಂಕಿಪೆಟ್ಟಿಗೆ ಮೇಲಿನದು ಓದಿದೆ. ಗೊಬ್ಬರದ ಚೀಲ ಓದಿದೆ. ಅಂಗಡಿಯಿಂದ ಸಾಸಿವೆ ತಂದರೆ, ಪೊಟ್ಟಣ ಬಿಚ್ಚಿ ಮೊದಲು ಕಾಗದ ಓದುತ್ತಿದ್ದೆ. ಒಂದು ಸಲ ಪೊಟ್ಟಣದ ಕಾಗದದಲ್ಲಿ ಒಂದು ಕಥೆ ಇತ್ತು. ಸೊಸೆ ಗಂಟು ಕಟ್ಟಿಕೊಂಡು ಮನೆ ಬಿಟ್ಟು ಹೊರಟಳು. ಬಾಗಿಲ ಹತ್ತಿರ ಅತ್ತೆ ತಡೆದು... ಅಷ್ಟಕ್ಕೇ ಕಾಗದ ಹರಿದಿತ್ತು! ಅತ್ತೆ ಏನಂದಳು? ಇವತ್ತಿಗೂ ನನಗೆ ಗೊತ್ತಿಲ್ಲ. ಅಂಗಡಿಯವನ ಹತ್ತಿರ ಹೋಗಿ ಉಳಿದ ಕಾಗದ ಹುಡುಕಿಸಿದೆ. ಅವನು ನಕ್ಕ. ನಗಲಿ. ನನಗೆ ಕಥೆ ಬೇಕಿತ್ತು.

ನೋಡಿ, ಅದರಿಂದ ನನಗೆ ನಾಲ್ಕಾಣೆ ಲಾಭ ಇಲ್ಲ. ಆದರೂ ಬೇಕು ಅನಿಸಿತು. ಮಗು ಆಟ ಆಡಿದರೆ ಲಾಭ ಕೇಳುತ್ತದೆಯೇ? ನಾವೂ ಒಂದು ಕಾಲಕ್ಕೆ ಹಾಗೇ ಕಲಿತವರು. ಕುಂಟೆಬಿಲ್ಲೆ ಕಲಿತೆವು. ಚೌಕಾಬಾರ ಕಲಿತೆವು. ಅಜ್ಜಿಯ ಕಥೆ ಕಲಿತೆವು. ಆಮೇಲೆ ಸಂಸಾರದ ನೊಗ ಬಿತ್ತು. ಕಲಿಯೋದು ಎಂದರೆ ಕೆಲಸ ಎಂದಾಯಿತು. ಆಟದ ಆ ಸಂತೋಷ ಸತ್ತಿರಲಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಇತ್ತು. ಊದಿದರೆ ಸಾಕು, ಹೊತ್ತಿಕೊಳ್ಳುತ್ತೆ.

ಅಡುಗೆ ಮನೆಯಲ್ಲಿ ಅಡಗಿದ್ದ ಹಾಳೆ

ಆ ಕೆಂಡವನ್ನು ಆರಲು ಬಿಡದ ಒಬ್ಬ ತಾಯಿಯ ಕಥೆ ಹೇಳ್ತೀನಿ. ಇದು ನಡೆದ ಕಥೆ.

ಸುಮಾರು ಇನ್ನೂರು ವರ್ಷದ ಹಿಂದೆ ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬ ಹೆಣ್ಣುಮಗಳು ಇದ್ದಳು. ಹೆಂಗಸು ಓದಿದರೆ ಮನೆಗೆ ಕೇಡು ಎಂದು ಜನ ನಂಬಿದ್ದ ಕಾಲ ಅದು. ಚಿಕ್ಕವಳಿದ್ದಾಗ ಅವಳ ತೌರಿನಲ್ಲಿ ಗಂಡುಹುಡುಗರಿಗೆ ಪಾಠ ನಡೆಯುತ್ತಿತ್ತು. ಅವಳು ಸುಮ್ಮನೆ ಕೂತು ಕೇಳುತ್ತಿದ್ದಳು. ಹನ್ನೆರಡಕ್ಕೆ ಮದುವೆ ಆಯಿತು. ದೊಡ್ಡ ಸಂಸಾರ. ಹನ್ನೆರಡು ಮಕ್ಕಳು. ಬೆಳಗಿನಿಂದ ರಾತ್ರಿ ತನಕ ಒಲೆ ಮುಂದೆ.

ಆದರೂ ಒಂದು ಆಸೆ ಒಳಗೇ ಉಳಿದಿತ್ತು. ಚೈತನ್ಯ ಭಾಗವತ ಎಂಬ ದೇವರ ಪುಸ್ತಕವನ್ನು ತಾನೇ ಓದಬೇಕು. ಒಂದು ದಿನ ಆ ಪುಸ್ತಕದ ಒಂದು ಹಾಳೆಯನ್ನು ಗುಟ್ಟಾಗಿ ತೆಗೆದುಕೊಂಡಳು. ಮಗ ಅಕ್ಷರ ತಿದ್ದಿದ್ದ ತಾಳೆಗರಿಯೊಂದನ್ನೂ ತೆಗೆದುಕೊಂಡಳು. ಎರಡನ್ನೂ ಅಡುಗೆ ಮನೆಯಲ್ಲಿ ಬಚ್ಚಿಟ್ಟಳು. ಬಿಡುವು ಸಿಕ್ಕಾಗ ಈ ಅಕ್ಷರ ಅದೇನಾ, ಆ ಅಕ್ಷರ ಇದೇನಾ ಎಂದು ಹೋಲಿಸಿ ನೋಡಿದಳು. ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದನ್ನು ನೆನಪು ಮಾಡಿಕೊಂಡಳು. ಬೋಧಕಿ ಇಲ್ಲ, ಕೇಂದ್ರ ಇಲ್ಲ, ಬೋರ್ಡು ಇಲ್ಲ. ಹಾಗೇ ಓದು ಕಲಿತಳು.

ಬರೆಯೋದನ್ನು ಕಲಿತದ್ದು ಇನ್ನೂ ಎಷ್ಟೋ ವರ್ಷದ ಮೇಲೆ. ಯಾಕೆ ಗೊತ್ತೇ? ದೂರದಲ್ಲಿದ್ದ ಮಗನ ಕಾಗದಕ್ಕೆ ಉತ್ತರ ಬರೆಯೋಕೆ! ಆಮೇಲೆ ತನ್ನ ಜೀವನದ ಕಥೆಯನ್ನೇ ಬರೆದಳು. ಪುಸ್ತಕದ ಹೆಸರು "ನನ್ನ ಜೀವನ". ಬಂಗಾಳಿಯಲ್ಲಿ "ಆಮಾರ್ ಜೀಬನ್". ಬಂಗಾಳಿಯಲ್ಲಿ ಅಚ್ಚಾದ ಮೊದಲ ಆತ್ಮಕಥೆ ಅದು ಎನ್ನುತ್ತಾರೆ. ಒಲೆ ಮುಂದೆ ಕದ್ದು ಓದಿದ ಹೆಂಗಸಿನ ಪುಸ್ತಕವನ್ನು ಇವತ್ತು ಕಾಲೇಜುಗಳಲ್ಲಿ ಓದುತ್ತಾರೆ.

"ವಯಸ್ಸಾಯ್ತಲ್ಲ" ಎನ್ನುವವರಿಗೆ

"ನಮಗೆ ವಯಸ್ಸಾಯ್ತಲ್ಲ, ತಲೆಗೆ ಹತ್ತೋದಿಲ್ಲ" ಎನ್ನುವವರು ಇಲ್ಲೂ ಇದ್ದೀರಿ. ನಿಮಗೆ ಎರಡು ಸಂಗತಿ ಹೇಳ್ತೀನಿ.

ಮೊದಲನೆಯದು ಕೇರಳದ್ದು. ಆಲಪ್ಪುಳ ಜಿಲ್ಲೆಯಲ್ಲಿ ಕಾರ್ತ್ಯಾಯಿನಿ ಅಮ್ಮ ಎಂಬ ಅಜ್ಜಿ ಇದ್ದರು. ಚಿಕ್ಕಂದಿನಲ್ಲಿ ಶಾಲೆಗೆ ಹೋಗಲಿಲ್ಲ. ದೇವಸ್ಥಾನ ಗುಡಿಸಿ, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. 2018ರಲ್ಲಿ ಅವರು ಸಾಕ್ಷರತಾ ಪರೀಕ್ಷೆಗೆ ಕೂತರು. ಆಗ ಅವರ ವಯಸ್ಸು ಎಷ್ಟು ಗೊತ್ತೇ? 96! ಬಂದ ಅಂಕ ನೂರಕ್ಕೆ 98. ಓದು ಮತ್ತು ಲೆಕ್ಕದಲ್ಲಿ ಪೂರ್ತಿ ಅಂಕ. ಬರಹದಲ್ಲಿ ಮಾತ್ರ ಎರಡು ಕಡಿಮೆ. ಆ ಪರೀಕ್ಷೆಗೆ ಅವರೇ ಮೊದಲು. ಆಮೇಲೆ ಕಂಪ್ಯೂಟರ್ ಕಲಿಯುವ ಆಸೆ ಇದೆ ಅಂದರು. 2020ರಲ್ಲಿ ರಾಷ್ಟ್ರಪತಿಗಳ ಕೈಯಿಂದ ನಾರಿ ಶಕ್ತಿ ಪುರಸ್ಕಾರ ಪಡೆದರು. 2023ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮುಂದೆ ನಾವೆಲ್ಲ ಹುಡುಗಿಯರೇ ಅಲ್ಲವೇ?

ಎರಡನೆಯದು ಉತ್ತರ ಪ್ರದೇಶದ್ದು. ಲಕ್ನೋ ಹತ್ತಿರದ ಹಳ್ಳಿಗಳಲ್ಲಿ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಓದು ಬಾರದ ದೊಡ್ಡವರಿಗೆ ಆರು ತಿಂಗಳು ಹಿಂದಿ ಓದು ಕಲಿಸಿದರು. ಅವರಲ್ಲಿ ಹೆಚ್ಚಿನವರು ನಮ್ಮಂಥ ಹೆಂಗಸರು. ಕಲಿಯುವ ಮೊದಲು ಒಂದು ಸಲ, ಕಲಿತ ಮೇಲೆ ಒಂದು ಸಲ, ಯಂತ್ರದಿಂದ ಅವರ ಮೆದುಳಿನ ಚಿತ್ರ ತೆಗೆದರು. ಆರೇ ತಿಂಗಳಲ್ಲಿ ಮೆದುಳು ಕೆಲಸ ಮಾಡುವ ರೀತಿ ಬದಲಾಗಿತ್ತು. ಈ ವಿಷಯ 2017ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಮೆದುಳು ಒಣಗಿದ ಕಟ್ಟಿಗೆ ಅಲ್ಲ. ನೀರು ಬಿದ್ದರೆ ಚಿಗುರುವ ಗಿಡ.

ಒಂದು ಮಾತು ನಿಜ. ವಯಸ್ಸಾದ ಮೇಲೆ ಕಣ್ಣು ಮಂಜಾಗುತ್ತೆ. ಎಷ್ಟೋ ಸಲ ತಲೆಗೆ ಹತ್ತೋದಿಲ್ಲ ಅಂತ ಅಂದುಕೊಳ್ತೇವೆ. ಆದರೆ ತೊಂದರೆ ಇರೋದು ತಲೆಯಲ್ಲಲ್ಲ, ಕಣ್ಣಲ್ಲಿ. ನಲವತ್ತು ದಾಟಿದವರು ಒಂದು ಸಲ ಕಣ್ಣು ತೋರಿಸಿ. ಕನ್ನಡಕ ಹಾಕಿಕೊಳ್ಳೋಕೆ ನಾಚಿಕೆ ಬೇಡ.

ಸೈಕಲ್ ಹತ್ತಿದ ಅಕ್ಕಂದಿರು

ಕಲಿಯುವ ಸಂತೋಷ ಅಕ್ಷರಕ್ಕೇ ನಿಲ್ಲೋದಿಲ್ಲ. ಒಂದು ಕಲಿತವಳಿಗೆ ಇನ್ನೊಂದು ಕಲಿಯುವ ಧೈರ್ಯ ಬರುತ್ತೆ.

ತಮಿಳುನಾಡಿನಲ್ಲಿ ಪುದುಕೋಟೈ ಎಂಬ ಜಿಲ್ಲೆ ಇದೆ. ಒಣ ಸೀಮೆ, ಬಡವರ ಸೀಮೆ. 1990ರ ದಶಕದ ಮೊದಲಿಗೆ ಅಲ್ಲಿನ ಸಾಕ್ಷರತಾ ಆಂದೋಲನದಲ್ಲಿ ಹೆಂಗಸರಿಗೆ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸಿದರು. ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಹೊಲದ ಕೂಲಿಯವರು, ಅಂಗನವಾಡಿಯವರು, ಸಾವಿರ ಸಾವಿರ ಹೆಂಗಸರು ಸೈಕಲ್ ಹತ್ತಿದರು. ಹೆಂಗಸರ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಹತ್ತಿದರು. ಮುಂದಿನ ಕಂಬಿ ಮೇಲೆ ಮಗುವನ್ನು ಕೂರಿಸಿಕೊಂಡರು. ದಾರಿಯಲ್ಲಿ ಗೇಲಿ ಮಾಡಿದವರಿದ್ದರು. ಅವರು ಬೆಲ್ ಹೊಡೆದು ಮುಂದೆ ಹೋದರು.

ಅವರಿಗೆ ಸೈಕಲ್ಲಿನಿಂದ ಹೊತ್ತು ಉಳಿಯಿತು. ನೀರು ತರೋದು, ಸಂತೆಗೆ ಹೋಗೋದು ಸುಲಭ ಆಯಿತು. ಅದರ ಜೊತೆ ಇನ್ನೊಂದು ಸಿಕ್ಕಿತು. ಇಳಿಜಾರಿನಲ್ಲಿ ಮುಖಕ್ಕೆ ಗಾಳಿ ಬೀಸುತ್ತಲ್ಲ, ಆ ಸಂತೋಷ. ಅದಕ್ಕೆ ಬೆಲೆ ಕಟ್ಟೋಕೆ ಆಗುತ್ತಾ?

ಎಚ್ಚರ, ಅಕ್ಷರ ಮರೆಯುತ್ತೆ

ಈಗ ಕಹಿ ಮಾತೊಂದು ಹೇಳಬೇಕು. ಇದನ್ನು ಹೇಳೋಕೇ ನಾನು ಬಂದದ್ದು.

ನಿಮ್ಮ ಪುಸ್ತಕದ ಕೊನೆ ಪಾಠ ಮುಗಿದಿದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದಾರೆ. ಆದರೆ ಇಲ್ಲಿಗೆ ನಿಲ್ಲಿಸಿದರೆ ಅಕ್ಷರ ಮರೆತು ಹೋಗುತ್ತೆ. ನಾನು ಒಂದು ಸಲ ಮರೆತವಳು. ನನಗೆ ಗೊತ್ತು.

ನಮ್ಮ ರಾತ್ರಿ ಶಾಲೆಯಲ್ಲಿ ಎಲ್ಲರಿಗಿಂತ ಚುರುಕಾದವಳು ಒಬ್ಬಳಿದ್ದಳು. ನನಗೇ ಅವಳು ಹೇಳಿಕೊಡುತ್ತಿದ್ದಳು. ಪಾಠ ಮುಗಿಯಿತು. ಅವಳ ಮನೆಯಲ್ಲಿ ಕಾಯಿಲೆ ಬಂತು, ಕೆಲಸ ಹೆಚ್ಚಿತು. ಪುಸ್ತಕ ಅಟ್ಟಕ್ಕೆ ಹೋಯಿತು. ಮೂರು ವರ್ಷದ ಮೇಲೆ ನಾವಿಬ್ಬರೂ ಒಂದು ಕಾಗದಕ್ಕೆ ರುಜು ಹಾಕೋಕೆ ಹೋದೆವು. ಅವಳು ಪೆನ್ನು ಹಿಡಿದಳು. ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ಪೆನ್ನು ಕೆಳಗಿಟ್ಟು, ಹೆಬ್ಬೆಟ್ಟನ್ನು ಮಸಿಗೆ ಒತ್ತಿದಳು. ನನ್ನ ಮುಖ ನೋಡಲಿಲ್ಲ. ಆ ದಿನ ನೆನೆದರೆ ಇವತ್ತಿಗೂ ಸಂಕಟ ಆಗುತ್ತೆ. ಬುದ್ಧಿ ಇಲ್ಲದೆ ಮರೆತದ್ದಲ್ಲ, ಬಳಸದೆ ಮರೆತದ್ದು. ಉಳುಮೆ ಬಿಟ್ಟ ಹೊಲದಲ್ಲಿ ಕಳೆ ಬೆಳೆಯುತ್ತೆ. ಇದೂ ಹಾಗೇ.

ಹಾಗಾದರೆ ಏನು ಮಾಡಬೇಕು? ನಾನು ಮಾಡಿದ್ದನ್ನು ಹೇಳ್ತೀನಿ.

ಒಂದು: ದಿನಕ್ಕೆ ಹತ್ತು ನಿಮಿಷ ಓದಿ. ಒಲೆ ಮೇಲೆ ಎಸರು ಕಾಯುವಷ್ಟು ಹೊತ್ತು ಸಾಕು. ಪುಸ್ತಕ ಇಲ್ಲದಿದ್ದರೆ ಕ್ಯಾಲೆಂಡರ್ ಓದಿ. ಮದುವೆ ಕಾಗದ ಓದಿ. ಮೊಮ್ಮಗಳ ಪಾಠದ ಪುಸ್ತಕ ಓದಿ.

ಎರಡು: ದಿನಕ್ಕೆ ಎರಡು ಸಾಲು ಬರೆಯಿರಿ. ಇವತ್ತು ಏನು ಕೊಂಡೆ, ಎಷ್ಟು ಕೊಟ್ಟೆ, ಯಾರು ಬಂದರು. ತಪ್ಪಾದರೆ ಯಾರೂ ಹೊಡೆಯೋದಿಲ್ಲ. ತಪ್ಪಿದ್ದರೂ ಬರೆಯಿರಿ.

ಮೂರು: ಕೈಯಲ್ಲಿರುವ ನೋಟು ಓದಿ. ಗಾಂಧೀಜಿ ಚಿತ್ರ ಇರುವ ಕಡೆ ಅಲ್ಲ, ಅದರ ಹಿಂದೆ ನೋಡಿ. ಚಿಕ್ಕ ಚಿಕ್ಕ ಅಕ್ಷರದಲ್ಲಿ ಹದಿನೈದು ಭಾಷೆಯಲ್ಲಿ ನೋಟಿನ ಬೆಲೆ ಬರೆದಿದೆ. ಮೇಲಿನಿಂದ ನಾಲ್ಕನೇ ಸಾಲು ನಮ್ಮ ಕನ್ನಡ. ಇಷ್ಟು ದಿನ ದುಡಿದು ತಂದ ನೋಟಿನ ಮೇಲೆ ನಮ್ಮ ಭಾಷೆ ಇತ್ತು. ನಮಗೆ ಮಾತ್ರ ಕಾಣಿಸಿರಲಿಲ್ಲ!

ನಾಲ್ಕು: ಬಸ್ಸಿನ ಬೋರ್ಡು ಓದಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಹೆಂಗಸರು ಟಿಕೆಟಿನ ದುಡ್ಡಿಲ್ಲದೆ ಸರ್ಕಾರಿ ಬಸ್ಸಿನಲ್ಲಿ ಊರೂರು ತಿರುಗಿದರು. ಬಸ್ ಹತ್ತೋಕೆ ದುಡ್ಡು ಬೇಡವಾಯಿತು. ಆದರೆ ಯಾವ ಬಸ್ ಎಂದು ತಿಳಿಯೋಕೆ ಅಕ್ಷರ ಬೇಕೇ ಬೇಕು. ಬೋರ್ಡು ಓದಿ, ಪಕ್ಕದವಳಿಗೂ ಓದಿ ಹೇಳಿ.

ಐದು: ಓದದೆ ರುಜು ಹಾಕಬೇಡಿ. ರುಜು ಕಲಿತವಳು ಕಾಗದ ಓದದೆ ರುಜು ಹಾಕಿದರೆ, ಅದಕ್ಕೂ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ? "ಸ್ವಲ್ಪ ತಡೀರಿ, ಓದ್ತೀನಿ" ಅನ್ನಿ. ಎದುರಿನವರು ಕಾಯಲಿ. ಅರ್ಥ ಆಗದಿದ್ದರೆ ಕೇಳಿ.

ಆರು: ನಾಲ್ಕು ಜನ ಸೇರಿ ಓದಿ. ವಾರಕ್ಕೆ ಒಂದು ದಿನ. ಒಬ್ಬಳು ಓದಲಿ, ಉಳಿದವರು ಅಕ್ಕಿ ಆರಿಸುತ್ತಾ ಕೇಳಲಿ. ಮುಂದಿನ ವಾರ ಇನ್ನೊಬ್ಬಳು ಓದಲಿ. ಒಬ್ಬಳೇ ಓದಿದರೆ ನಿದ್ದೆ. ನಾಲ್ಕು ಜನ ಓದಿದರೆ ಹಬ್ಬ.

ನಾನು ಬರೆದ ಮೊದಲ ಕಾಗದ

ನನ್ನ ಮಾತು ಮುಗಿಯುತ್ತಾ ಬಂತು. ತಮ್ಮನ ಕಥೆ ಏನಾಯಿತು ಎಂದು ನೀವು ಕೇಳಬಹುದು. ನಾನು ಸಾಸಿವೆ ಪೊಟ್ಟಣದ ಹಾಗೆ ಅರ್ಧಕ್ಕೆ ಬಿಡೋದಿಲ್ಲ.

ಎಂಟು ತಿಂಗಳು ಕಲಿತ ಮೇಲೆ ನಾನು ತಮ್ಮನಿಗೆ ಕಾಗದ ಬರೆದೆ. ನನ್ನ ಜೀವನದ ಮೊದಲ ಕಾಗದ. ನಾಲ್ಕೇ ಸಾಲು. ಅದಕ್ಕೆ ಎರಡು ರಾತ್ರಿ ಬೇಕಾಯಿತು. "ನಾವು ಎಲ್ಲ ಚೆನ್ನಾಗಿದ್ದೇವೆ. ಅಮ್ಮನಿಗೆ ಆವತ್ತೇ ಗೊತ್ತಾಯಿತು. ಅಮ್ಮ ಬೈದಿಲ್ಲ, ಊರಿಗೆ ಬಾ ಅಂದಿದ್ದಾಳೆ. ಇದು ನಾನೇ ಬರೆದದ್ದು."

ಹದಿನೈದು ದಿನಕ್ಕೆ ಉತ್ತರ ಬಂತು. ಅಂಚೆಯವರು ಅಭ್ಯಾಸದಂತೆ "ಯಾರನ್ನಾದರೂ ಕರೆಯಲಾ ಅಮ್ಮ, ಓದೋಕೆ?" ಅಂದರು. "ಬೇಡ ಸ್ವಾಮಿ" ಅಂದೆ. ಒಳಗೆ ಹೋದೆ. ಬಾಗಿಲು ಮುಂದೆ ಮಾಡಿದೆ. ಒಬ್ಬಳೇ ಕೂತು ಓದಿದೆ.

"ಅಕ್ಕ, ನಿನ್ನ ಅಕ್ಷರ ಅಮ್ಮನ ರಂಗೋಲಿ ಹಾಗಿದೆ. ಮೂರು ಸಲ ಓದಿದೆ. ಬೇರೆ ಕೆಲಸ ಸಿಕ್ಕಿದೆ. ಯುಗಾದಿಗೆ ಬರ್ತೀನಿ."

ಮುಂದೆ ಇನ್ನೂ ಎರಡು ಸಾಲು ಇತ್ತು. ಅದನ್ನು ನಾನು ನಿಮಗೆ ಹೇಳೋದಿಲ್ಲ. ಅದು ನನಗೆ ಮಾತ್ರ ಬರೆದದ್ದು.

ಅಕ್ಕತಂಗಿಯರೇ, ಓದು ಬಂದರೆ ಏನು ಸಿಗುತ್ತೆ ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳಿ. ನಮ್ಮ ಕಾಗದ ನಮಗೆ ಸಿಗುತ್ತೆ. ನಮ್ಮ ಹೆಸರು ನಮಗೆ ಸಿಗುತ್ತೆ. ಎಂದೋ ಗೂಡಿನಲ್ಲಿಟ್ಟ ಸ್ಲೇಟು ಮರಳಿ ಕೈಗೆ ಸಿಗುತ್ತೆ.

ಇವತ್ತು ಮನೆಗೆ ಹೋಗಿ ಮಲಗುವ ಮುಂಚೆ ಹತ್ತು ನಿಮಿಷ ಏನಾದರೂ ಓದಿ. ನಾಳೆಯೂ ಓದಿ. ನಾಡಿದ್ದೂ ಓದಿ.



ಮಾತಾಡೋಣ, ಬರೆಯೋಣ

1. ನಿಮ್ಮ ಓದು ಚಿಕ್ಕಂದಿನಲ್ಲಿ ಯಾಕೆ ನಿಂತಿತು? ಅಥವಾ ಯಾಕೆ ಶುರುವೇ ಆಗಲಿಲ್ಲ? ನಾಲ್ಕು ಜನ ಸೇರಿ ಮಾತಾಡಿ.

2. ನಿಮ್ಮ ಮನೆಯವರ ಹೆಸರಿನಲ್ಲಿ ಒತ್ತಕ್ಷರ ಎಲ್ಲೆಲ್ಲಿ ಇದೆ? ಬರೆದು ನೋಡಿ.

3. ನೀವು ಸ್ವಂತವಾಗಿ ಓದಿದ ಮೊದಲ ಬರಹ ಯಾವುದು? ಬಸ್ಸಿನ ಬೋರ್ಡೇ, ಅಂಗಡಿಯ ಹೆಸರೇ, ಕಾಗದವೇ? ಆಗ ಏನನಿಸಿತು?

4. ದೂರದಲ್ಲಿರುವ ನಿಮ್ಮವರೊಬ್ಬರಿಗೆ ನಾಲ್ಕು ಸಾಲು ಬರೆಯಿರಿ.